ತಾಯಿಕುರಿಯ ಮೇವು, ಮರಿಯ ಮೈ



ದತ್ತಿ ಉಪನ್ಯಾಸವೆಂದರೆ ಶರಣರು, ಸಾಹಿತ್ಯ, ಇತಿಹಾಸ ಎಂಬ ರೂಢಿ ನಮ್ಮ ಕಡೆ ಬೆಳೆದುಬಂದಿದೆ. ಒಕ್ಕಲುತನ ಮತ್ತು ಜಾನುವಾರುಗಳ ವಿಷಯಕ್ಕೂ ಒಂದು ದಿನ ಮೀಸಲಿಡಬೇಕೆಂದು ಬಯಸಿ ಈ ದತ್ತಿ ಇಟ್ಟ ಹಿರಿಯರಿಗೆ ಮೊದಲು ನಮಸ್ಕಾರ. ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲ್ಲೂಕುಗಳಲ್ಲಿ ಪಶುವೈದ್ಯನಾಗಿ ತಿರುಗಾಡಿದವನು ನಾನು. ಈ ಸೀಮೆಯ ಕುರಿಗಾರರಿಗೆ ಹೇಳಲೇಬೇಕು ಎಂದು ಬಹಳ ದಿನದಿಂದ ಅನಿಸಿದ ಒಂದೇ ಮಾತನ್ನು ಇವತ್ತು ಬಿಡಿಸಿ ಹೇಳುತ್ತೇನೆ.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಕುರಿಗಳಿವೆ. ತೆಲಂಗಾಣ ಮತ್ತು ಆಂಧ್ರ ಬಿಟ್ಟರೆ ದೇಶದಲ್ಲಿ ಮೂರನೆಯ ಸ್ಥಾನ ನಮ್ಮದು. ಇಷ್ಟು ಕುರಿಗಳ ಹಿಂದೆ ನಡೆಯುವ ಮನೆತನಗಳ ಗಳಿಕೆ ಈಗ ಉಣ್ಣೆಯಿಂದ ಬರುವುದಿಲ್ಲ. ಕತ್ತರಿಸುವ ಕೂಲಿಯೂ ಹುಟ್ಟದಷ್ಟು ಉಣ್ಣೆಯ ಬೆಲೆ ಬಿದ್ದು ವರ್ಷಗಳಾದವು. ಗಳಿಕೆ ಎಂದರೆ ಮರಿ. ಅಮೀನಗಡದ ಸಂತೆಗೋ ಕೆರೂರಿನ ಸಂತೆಗೋ ಹೊಡೆದುಕೊಂಡು ಹೋಗುವ ಮರಿಯ ತೂಕವೇ ಮನೆಯ ವರ್ಷದ ಲೆಕ್ಕ. ಆ ತೂಕಕ್ಕಾಗಿ ನಾವು ಏನೇನು ಮಾಡುತ್ತೇವೆ ನೋಡಿ. ಮರಿಗೆ ಜಂತಿನ ಔಷಧ, ಮರಿಗೆ ಟಾನಿಕ್ಕು, ಮರಿಗೆ ಇಂಜೆಕ್ಷನ್ನು, ಕಾಳಗದ ಟಗರಾದರೆ ಹಾಲು ತತ್ತಿ ಕೂಡ. ಆದರೆ ಆ ಮರಿಯನ್ನು ಐದು ತಿಂಗಳು ಹೊತ್ತು, ಮೂರು ತಿಂಗಳು ಹಾಲುಣಿಸಿದ ಕುರಿಗೆ ಹಿಂಡಿನ ಸಂಗಡ ಸಿಕ್ಕಿದ್ದೇ ಮೇವು. ಖರ್ಚು ಮಾಡುವ ಜಾಗ ತಪ್ಪಿದೆ ಎಂಬುದು ನನ್ನ ವಾದ.

ಕುರಿಯ ಗಬ್ಬದ ಅವಧಿ 147ರಿಂದ 150 ದಿನ. ಮೊದಲ ಮೂರು ತಿಂಗಳು ಹೊಟ್ಟೆಯೊಳಗಿನ ಮರಿ ಬಹಳ ಸಣ್ಣದು. ಆ ಹೊತ್ತಿನಲ್ಲಿ ಬೆಳೆಯುವುದು ಮುಖ್ಯವಾಗಿ ಮಾಸು, ಅಂದರೆ ಮರಿಗೆ ಆಹಾರ ಸಾಗಿಸುವ ಅಂಗ. ಮರಿಯ ಹುಟ್ಟುತೂಕದಲ್ಲಿ ಸುಮಾರು ಶೇ. 70ರಷ್ಟು ಕೂಡುವುದು ಕೊನೆಯ ಆರು ವಾರದಲ್ಲಿ. ತಾಯಿಯ ಕಷ್ಟ ಶುರುವಾಗುವುದೂ ಆಗಲೇ. ಒಂದೇ ಮರಿ ಇದ್ದರೂ ಆಕೆಗೆ ಬೇಕಾಗುವ ಶಕ್ತಿ ಮಾಮೂಲಿಗಿಂತ ಒಂದೂವರೆ ಪಟ್ಟು, ಅವಳಿ ಇದ್ದರೆ ಹತ್ತಿರ ಹತ್ತಿರ ಎರಡು ಪಟ್ಟು. ಆದರೆ ಗರ್ಭ ಬೆಳೆದು ಹೊಟ್ಟೆಯ ಜಾಗವನ್ನೆಲ್ಲ ಹಿಡಿದಿರುತ್ತದೆ. ಮೆಲುಕುಚೀಲ ಹಿಗ್ಗಲು ಎಡೆಯಿಲ್ಲ. ಬೇಕಾದದ್ದು ಹೆಚ್ಚು, ತಿನ್ನಲು ಆಗುವುದು ಕಡಿಮೆ. ಒಣ ಕಣಿಕೆಯನ್ನೇ ರಾಶಿ ಹಾಕಿದರೂ ಆಕೆ ತನಗೆ ಬೇಕಾದಷ್ಟನ್ನು ಅದರಿಂದ ಪಡೆಯಲಾರಳು. ಆಗ ಆಕೆ ತನ್ನ ಮೈಯನ್ನೇ ಕರಗಿಸುತ್ತಾಳೆ. ಮೊದಲು ಕೊಬ್ಬು, ಆಮೇಲೆ ಮಾಂಸಖಂಡ.

ಇದನ್ನು ಶಾಸ್ತ್ರೀಯವಾಗಿ ಅಳೆದು ತೋರಿಸಿದವರಲ್ಲಿ ಮೊದಲಿಗರು ನ್ಯೂಜಿಲೆಂಡಿನ ಎಲ್. ಆರ್. ವಾಲೇಸ್. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾನ್ ಹ್ಯಾಮಂಡ್ ಅವರ ಬಳಿ ಕೆಲಸ ಮಾಡಿ, 1948ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಇಂದಿಗೂ ಕುರಿ ಆಹಾರಶಾಸ್ತ್ರದ ತಳಪಾಯ. ಗಬ್ಬದ ಕೊನೆಯ ವಾರಗಳಲ್ಲಿ ಚೆನ್ನಾಗಿ ತಿಂದ ಕುರಿಗಳು, ಅರೆಹೊಟ್ಟೆಯಲ್ಲಿದ್ದ ಕುರಿಗಳು ಎಂದು ಬೇರೆ ಮಾಡಿ ಅವರು ನೋಡಿದರು. ಅರೆಹೊಟ್ಟೆಯ ಕುರಿಗಳ ಮರಿಗಳು ಹುಟ್ಟುವಾಗಲೇ ಹಗುರ, ಅವಳಿಗಳಂತೂ ಇನ್ನೂ ಹಗುರ. ಈ ತಾಯಂದಿರ ಕೆಚ್ಚಲೂ ಸಣ್ಣದು, ಹಾಲೂ ಕಡಿಮೆ. ಈಯ್ದ ಮೇಲೆ ಹೊಟ್ಟೆ ತುಂಬ ಹಾಕಿದರೂ ಆ ಕೊರತೆ ಪೂರ್ತಿ ತುಂಬುವುದಿಲ್ಲ. ಏಕೆಂದರೆ ಹಾಲು ಮಾಡುವ ಗ್ರಂಥಿಗಳು ಕೆಚ್ಚಲಿನಲ್ಲಿ ಹರಡಿಕೊಳ್ಳುವುದು ಗಬ್ಬದ ಕೊನೆಯ ಹಂತದಲ್ಲೇ.

ಈಗ ಆ ಆರು ವಾರ ನಮ್ಮ ಸೀಮೆಯಲ್ಲಿ ಯಾವಾಗ ಬರುತ್ತದೆ ನೋಡೋಣ. ಪಂಚಾಂಗದ ಐದು ತಿಂಗಳೆಂದರೆ 147 ದಿನ ಮತ್ತು ಅರ್ಧ ಚಿಲ್ಲರೆ, ಕುರಿಯ ಗಬ್ಬದ ಲೆಕ್ಕಕ್ಕೆ ಸರಿಸಮ. ಒಂದು ಹುಣ್ಣಿಮೆಗೆ ಟಗರು ಹಾರಿದ ಕುರಿ ಅಲ್ಲಿಂದ ಐದನೆಯ ಹುಣ್ಣಿಮೆಯ ಆಸುಪಾಸಿನಲ್ಲಿ ಈಯುತ್ತದೆ. ಮಿರಗದ ಮಳೆಗೆ ಹಸಿರು ಚಿಗುರಿ, ಕಾರಹುಣ್ಣಿಮೆಯ ಹೊತ್ತಿಗೆ ನಮ್ಮ ಬಹಳಷ್ಟು ಕುರಿಗಳು ಬೆದೆಗೆ ಬರುತ್ತವೆ. ಅಲ್ಲಿಂದ ಐದನೆಯದು ಗೌರಿ ಹುಣ್ಣಿಮೆ. ಕೊನೆಯ ಆರು ವಾರವೆಂದರೆ ಮಾನವಮಿ ಅಮಾಸಿಯಿಂದ ಗೌರಿ ಹುಣ್ಣಿಮೆಯವರೆಗೆ. ಹಾಲಿನ ಭಾರ ಅತಿ ಹೆಚ್ಚಿರುವ ಮುಂದಿನ ಆರು ವಾರವೆಂದರೆ ಗೌರಿ ಹುಣ್ಣಿಮೆಯಿಂದ ಎಳ್ಳಮಾಸಿಯವರೆಗೆ.

ಈ ಮೂರು ತಿಂಗಳು ನಮ್ಮ ಎರಿ ಹೊಲಗಳು ಹೇಗಿರುತ್ತವೆ? ಮಾನವಮಿಯ ಮುಂಚೆಯೇ ಹಿಂಗಾರಿ ಬಿತ್ತನೆಗೆ ಹೊಲ ಹದವಾಗಿರುತ್ತದೆ. ಹೆಸರು ಕಿತ್ತ ಹೊಲದಲ್ಲಿ ಕುರಿ ಮೇಯಿಸಬಹುದಾದ ದಿನಗಳು ಬೇಗ ಮುಗಿಯುತ್ತವೆ. ಆಮೇಲೆ ಕಡಲೆ, ಬಿಳಿಜೋಳ, ಕುಸುಬೆ, ಗೋಧಿ ಬಿತ್ತಿದ ಹೊಲಕ್ಕೆ ಕುರಿ ಕಾಲಿಡುವಂತಿಲ್ಲ. ನರಗುಂದದ ಕಡೆ ಮಲಪ್ರಭೆಯ ಕಾಲುವೆ ನೀರು ಹರಿಯುವಲ್ಲಿ ಹತ್ತಿ, ಮೆಕ್ಕೆಜೋಳ ನಿಂತಿರುತ್ತವೆ. ಅಲ್ಲಿಯೂ ಕುರಿಗೆ ಉಳಿಯುವುದು ಬದು ಮತ್ತು ಕಾಲುವೆಯ ದಂಡೆ. ಗಜೇಂದ್ರಗಡದ ಗುಡ್ಡದ ಸಾಲಿನಲ್ಲಿ ಹುಲ್ಲು ಇರುತ್ತದೆ, ಆದರೆ ಮಳೆ ನಿಂತ ಮೇಲೆ ಅದು ಕಾಳು ಕಟ್ಟಿ ಒಣಗಿ ಸತ್ವ ಕಳೆದುಕೊಳ್ಳುತ್ತದೆ. ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರಕ್ಕೆ ಬದಲಾಗಿ ಕಾಳು, ದುಡ್ಡು ಪಡೆಯುವ ನಮ್ಮ ಹಳೆಯ ಪದ್ಧತಿಗೆ ಸುಗ್ಗಿ ಮುಗಿಯುವ ತನಕ ಕಾಯಬೇಕು. ಗಬ್ಬದ ಕುರಿಗೆ ಅತಿ ಹೆಚ್ಚು ಬೇಕಾದ ದಿನಗಳಲ್ಲೇ ಹೊಲಗಳ ಬಾಗಿಲು ಮುಚ್ಚಿರುತ್ತದೆ. ಕುರಿಗಾರ ಆಗ ಮೇವು ಹುಡುಕಿ ದೂರ ನಡೆಸುತ್ತಾನೆ. ನಡಿಗೆಗೂ ಶಕ್ತಿ ಬೇಕು, ಅದನ್ನೂ ಆಕೆ ತನ್ನ ಮೈಯಿಂದಲೇ ತೆಗೆಯಬೇಕು.

ಸೀಗಿ ಹುಣ್ಣಿಮೆಯ ದಿನ ನಾವು ಹೊಲಕ್ಕೆ ಹೋಗಿ, ಬಸುರಿಯಾದ ಭೂಮಿತಾಯಿಗೆ ಬಯಕೆಯ ಊಟವೆಂದು ಚರಗ ಚೆಲ್ಲುತ್ತೇವೆ. ಅದೇ ಹುಣ್ಣಿಮೆಗೆ ಹಟ್ಟಿಯ ಕುರಿ ತುಂಬುಗಬ್ಬದಲ್ಲಿ, ಈಯಲು ಒಂದು ತಿಂಗಳು ಉಳಿದು ನಿಂತಿರುತ್ತದೆ. ಭೂಮಿಗೆ ಬಯಕೆ ಇದೆಯೆಂದು ಬಲ್ಲ ಜನ ನಾವು, ಕುರಿಯ ಬಯಕೆ ಮರೆಯಬಾರದು.

ಕುರಿ ಸೊರಗಿದೆಯೋ ಇಲ್ಲವೋ ಎಂಬುದನ್ನು ಕಣ್ಣಿಂದ ನೋಡಿ ಹೇಳಲಾಗದು. ಉಣ್ಣೆ ಮುಚ್ಚಿಡುತ್ತದೆ, ಗಬ್ಬದ ಹೊಟ್ಟೆ ಮೋಸ ಮಾಡುತ್ತದೆ. ಕೈಯಿಂದ ನೋಡಬೇಕು. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಅಂಗೈ ಇಟ್ಟು ಉಣ್ಣೆಯೊಳಗೆ ಬೆರಳು ಇಳಿಸಿ ಒತ್ತಿ. ಬೆನ್ನೆಲುಬಿನ ಮೊನೆಗಳು ಗರಗಸದ ಹಲ್ಲಿನಂತೆ ಬೆರಳಿಗೆ ಚುಚ್ಚಿದರೆ, ಪಕ್ಕದ ಅಡ್ಡ ಎಲುಬಿನ ಕೆಳಗೆ ಬೆರಳ ತುದಿ ಸಲೀಸಾಗಿ ನುಗ್ಗಿದರೆ, ಆ ಕುರಿಯ ಮೈಯಲ್ಲಿ ಉಳಿತಾಯವಿಲ್ಲ. ಮೊನೆಗಳು ನುಣ್ಣಗೆ, ದುಂಡಗೆ ಸಿಕ್ಕು, ಸ್ವಲ್ಪ ಒತ್ತಿದರೆ ಮಾತ್ರ ಗೊತ್ತಾದರೆ ಸರಿಯಾಗಿದೆ. ಒತ್ತಿದರೂ ಎಲುಬು ಸಿಗದಷ್ಟು ಕೊಬ್ಬಿದ ಕುರಿ ನಮ್ಮ ತಿರುಗಾಟದ ಹಿಂಡುಗಳಲ್ಲಿ ಅಪರೂಪ. ಪ್ರಪಂಚದ ಬಹಳಷ್ಟು ಕಡೆ ಇದಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಈಯುವ ಹೊತ್ತಿಗೆ ಸುಮಾರು 3 ಇದ್ದರೆ ಒಳ್ಳೆಯದು. ಅಂಕದ ಕಾಗದ ಬೇಡ, ಕೈ ಸಾಕು. ಮಾನವಮಿಗೆ ಮುಂಚೆ ಒಮ್ಮೆ ಹಿಂಡಿನ ಎಲ್ಲ ಗಬ್ಬದ ಕುರಿಗಳ ಸೊಂಟ ಮುಟ್ಟಿ ನೋಡಿ, ಚುಚ್ಚಿದ್ದಕ್ಕೆಲ್ಲ ಬಣ್ಣದ ಗುರುತು ಹಾಕಿ.

ಸೊರಗಿದ ತಾಯಿಯ ಮರಿಗೆ ಏನಾಗುತ್ತದೆ ಎಂಬುದು ಹಟ್ಟಿಯಲ್ಲಿ ಸಂಜೆ ಕಾಣುತ್ತದೆ. ಹಿಂಡು ಮೇದು ಬಂದು, ಹೆಣ್ಣುಮಕ್ಕಳು ಬಲೆಯ ಬಾಗಿಲು ತೆರೆದು ಮರಿಗಳನ್ನು ಬಿಟ್ಟಾಗ ಒಂದೇ ಗದ್ದಲ. ಒಂದೊಂದೂ ತನ್ನ ತಾಯಿಯ ಕೂಗು ಹಿಡಿದು ಓಡುತ್ತದೆ, ತಾಯಿ ಬಾಲದ ಬುಡ ಮೂಸಿ ತನ್ನದೆಂದು ಖಾತ್ರಿ ಮಾಡಿಕೊಂಡು ಕಾಲು ಅಗಲಿಸುತ್ತದೆ. ಹಾಲಿದ್ದ ಕಡೆ ಮರಿ ಎರಡು ಸಲ ಗುದ್ದಿ, ಬಾಲ ಅಲ್ಲಾಡಿಸುತ್ತ ಕುಡಿದು, ಹೊಟ್ಟೆ ಬಿಗಿದು ಕಾಲು ಚಾಚಿ ಮಲಗುತ್ತದೆ. ಹಾಲಿಲ್ಲದ ಕಡೆ ಗುದ್ದಾಟ ನಿಲ್ಲುವುದಿಲ್ಲ. ನೋವಿಗೆ ತಾಯಿ ಮುಂದೆ ಸರಿಯುತ್ತದೆ, ಮರಿ ಪಕ್ಕದ ಕುರಿಗೆ ಬಾಯಿ ಹಾಕಿ ಒದೆ ತಿನ್ನುತ್ತದೆ. ಆಮೇಲೆ ಬೆನ್ನು ಬಾಗಿಸಿ, ನಾಲ್ಕೂ ಕಾಲು ಒಂದೆಡೆ ಕೂಡಿಸಿ ನಿಲ್ಲುತ್ತದೆ. ಅದರ ಬಾಯೊಳಗೆ ಬೆರಳಿಟ್ಟು ನೋಡಿ, ತಣ್ಣಗಿರುತ್ತದೆ. ಬಾಯಿ ತಣ್ಣಗಾದ ಮರಿಗೆ ಬೆಳಗಿನವರೆಗೆ ಕಾಲಾವಕಾಶವಿಲ್ಲ. ಆಗಲೇ ಮೈ ಬೆಚ್ಚಗೆ ಮಾಡಿ ಹಾಲು ಕುಡಿಸಬೇಕು.

ಹುಟ್ಟಿದ ಮರಿ ತನ್ನ ಮೈ ಕಾಯಿಸಿಕೊಳ್ಳುವುದು ಗರ್ಭದಲ್ಲೇ ಕೂಡಿಟ್ಟುಕೊಂಡ ಒಂದು ಬಗೆಯ ಕಂದು ಕೊಬ್ಬಿನಿಂದ. ತಾಯಿಗೆ ಮೇವು ಕಡಿಮೆಯಾದರೆ ಆ ಕೊಬ್ಬೂ ಕಡಿಮೆ. ನಮ್ಮ ದಖನಿ ತಳಿಯ ಮರಿ ಸುಮಾರು ಎರಡೂವರೆಯಿಂದ ಮೂರು ಕಿಲೋ ಹುಟ್ಟಬೇಕು. ಎರಡು ಕಿಲೋ ಕೆಳಗೆ ಹುಟ್ಟಿದ ಮರಿಗೆ ಕಾರ್ತಿಕದ ಥಂಡಿ ರಾತ್ರಿಯೇ ದೊಡ್ಡ ಶತ್ರು.

ಇನ್ನು ಗಿಣ್ಣದ ವಿಷಯ. ಮನುಷ್ಯರಲ್ಲಿ ತಾಯಿಯ ರಕ್ತದಿಂದ ಕೂಸಿಗೆ ಹುಟ್ಟುವ ಮುಂಚೆಯೇ ರೋಗ ತಡೆಯುವ ಶಕ್ತಿ ಸ್ವಲ್ಪ ಸಿಕ್ಕಿರುತ್ತದೆ. ಕುರಿಯಲ್ಲಿ ಹಾಗಿಲ್ಲ. ಅದರ ಮಾಸು ಆ ಪ್ರತಿಕಾಯಗಳನ್ನು ದಾಟಿಸುವುದಿಲ್ಲ. ಮರಿ ಬರಿಗೈಯಲ್ಲಿ ಹುಟ್ಟುತ್ತದೆ, ಎಲ್ಲವೂ ಗಿಣ್ಣದ ಮೂಲಕವೇ ಬರಬೇಕು. ಮರಿಯ ಕರುಳು ಆ ಪ್ರತಿಕಾಯಗಳನ್ನು ಇದ್ದಂತೆ ಹೀರಿಕೊಳ್ಳುವುದು ಮೊದಲ ಕೆಲವು ತಾಸು ಮಾತ್ರ. 24 ತಾಸಿನೊಳಗೆ ಆ ದಾರಿ ಮುಚ್ಚುತ್ತದೆ. ಮಾಸು ಬೀಳುವ ತನಕ ಮರಿಗೆ ಮೊಲೆ ಕೊಡಬಾರದು, ಮೊದಲ ಹಾಲು ನೆಲಕ್ಕೆ ಹಿಂಡಬೇಕು ಎಂಬ ನಂಬಿಕೆ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ದಯವಿಟ್ಟು ಅದನ್ನು ಬಿಡಿ. ಹುಟ್ಟಿದ ಒಂದೆರಡು ತಾಸಿನೊಳಗೆ ಮೊದಲ ಗುಟುಕು, ಒಂದು ದಿನದಲ್ಲಿ ಮರಿಯ ತೂಕದ ಹತ್ತನೆಯ ಒಂದು ಪಾಲು ಗಿಣ್ಣ, ಅಂದರೆ ಮೂರು ಕಿಲೋ ಮರಿಗೆ ಸುಮಾರು 300 ಮಿಲಿಲೀಟರ್ ಹೊಟ್ಟೆಗೆ ಹೋಗಲೇಬೇಕು. ಹಸಿದ ತಾಯಿಯಲ್ಲಿ ಈ ಗಿಣ್ಣವೇ ಕಡಿಮೆ, ಅಂಟು ಅಂಟು, ಇಳಿಯುವುದೂ ತಡ. ಸೋತ ತಾಯಿ ಮರಿಯನ್ನು ನೆಕ್ಕುವುದೂ ಕಡಿಮೆ, ಬಿಟ್ಟು ಹೋಗುವುದೂ ಉಂಟು. ಚೊಚ್ಚಲು ಕುರಿಗಳಲ್ಲಿ ಇದನ್ನು ಹೆಚ್ಚು ನೋಡುತ್ತೇವೆ. ಸ್ವಭಾವ ಕೆಟ್ಟದ್ದೆಂದು ಅದನ್ನು ಮಾರುವ ಮುಂಚೆ ಅದರ ಸೊಂಟವನ್ನೊಮ್ಮೆ ಮುಟ್ಟಿ ನೋಡಿ.

ಕರುಳುಬೇನೆಯ ಲಸಿಕೆಯನ್ನು ಈಯುವುದಕ್ಕೆ ಒಂದು ತಿಂಗಳು ಮುಂಚೆ ತಾಯಿಗೆ ಹಾಕಿಸಿದರೆ ಅದರ ಬಲವೂ ಗಿಣ್ಣದಲ್ಲೇ ಮರಿಗೆ ಸಾಗುತ್ತದೆ.

ಈಯ್ದ ಮೇಲೆ ಎರಡನೆಯ ವಾರದಿಂದ ನಾಲ್ಕನೆಯ ವಾರದೊಳಗೆ ಹಾಲು ಏರುಮಟ್ಟ ಮುಟ್ಟಿ ಆಮೇಲೆ ಇಳಿಯುತ್ತ ಬರುತ್ತದೆ. ಮೊದಲ ಎರಡು ಮೂರು ವಾರ ಮರಿಗೆ ಹಾಲು ಬಿಟ್ಟರೆ ಗತಿಯಿಲ್ಲ. ಅದರ ಮೆಲುಕುಚೀಲ ಕೆಲಸಕ್ಕೆ ಬಂದಿರುವುದಿಲ್ಲ. ಸುಮಾರು ಐದು ಲೀಟರ್ ತಾಯಿಹಾಲಿಗೆ ಮರಿ ಒಂದು ಕಿಲೋ ಮೈ ಹಿಡಿಯುತ್ತದೆ ಎಂಬುದು ಒಪ್ಪಿತ ಲೆಕ್ಕ. ದಿನಕ್ಕೆ ಅರ್ಧ ಲೀಟರ್ ಹಾಲಿದ್ದರೆ ಮರಿಗೆ ದಿನಕ್ಕೆ 100 ಗ್ರಾಂ. ಹಾಲು ಅರ್ಧಕ್ಕೆ ಇಳಿದರೆ ಬೆಳವಣಿಗೆಯೂ ಅರ್ಧ. ಅಷ್ಟೇ ಅಲ್ಲ, ಹೆಣ್ಣುಮರಿ ಹೀಗೆ ಕುಗ್ಗಿದರೆ ಬೆದೆಗೆ ಬರುವುದು ತಡವಾಗುತ್ತದೆ, ಮುಂದೆ ಅದೂ ಸಣ್ಣ ತಾಯಿಯೇ ಆಗುತ್ತದೆ. ಒಂದು ಬರಗಾಲ ಹಿಂಡಿನಲ್ಲಿ ಎರಡು ತಲೆಮಾರು ಉಳಿಯುವುದು ಹೀಗೆ.

ಖರ್ಚಿನ ಮಾತಿಗೆ ಬರುತ್ತೇನೆ. 30 ಕಿಲೋ ತೂಕದ ಗಬ್ಬದ ಕುರಿಗೆ ಕೊನೆಯ ಆರು ವಾರ ದಿನಕ್ಕೆ 250 ಗ್ರಾಂ ದಾಣಿ (ಕಾಳು, ಹಿಂಡಿ, ಬೂಸಾದ ಮಿಶ್ರಣ), ಈಯ್ದ ಮೇಲೆ ಎರಡು ತಿಂಗಳು 350 ಗ್ರಾಂ ದಾಣಿ ಕೊಡಿ ಎಂದು ಪುಸ್ತಕ ಹೇಳುತ್ತದೆ. ಒಟ್ಟು 32 ಕಿಲೋ ಸಮೀಪ. ಕಿಲೋಕ್ಕೆ 30 ರೂಪಾಯಿ ಹಿಡಿದರೆ ಒಂದು ಕುರಿಗೆ ಸಾವಿರ ರೂಪಾಯಿ ಹತ್ತಿರ. ನೂರು ಕುರಿಯ ಮನೆಗೆ ಒಂದು ಲಕ್ಷ. ಇದನ್ನು ಯಾವ ಕುರಿಗಾರನೂ ಮಾಡಲಾರ, ಮಾಡೆಂದು ಹೇಳುವುದು ನ್ಯಾಯವೂ ಅಲ್ಲ. ದಾಣಿಯಿಂದ ದಿನಕ್ಕೆ 100 ಮಿಲಿಲೀಟರ್ ಹಾಲು ಹೆಚ್ಚಿತೆಂದು ಹಿಡಿಯಿರಿ, ಎರಡು ತಿಂಗಳಿಗೆ ಆರು ಲೀಟರ್, ಮರಿಗೆ ಒಂದು ಕಿಲೋಕ್ಕಿಂತ ಸ್ವಲ್ಪ ಹೆಚ್ಚು. ತೂಕ ಒಂದನ್ನೇ ನೋಡಿದರೆ ಲೆಕ್ಕ ಕೂಡುವುದಿಲ್ಲ. ಲಾಭ ಇರುವುದು ಬೇರೆಡೆ: ಸಾಯಬೇಕಿದ್ದ ಮರಿ ಉಳಿಯುವುದರಲ್ಲಿ, ತಾಯಿ ಬೇಗ ಮೈ ತುಂಬಿ ಮತ್ತೆ ಬೆದೆಗೆ ಬರುವುದರಲ್ಲಿ. ಆದ್ದರಿಂದ ಎಲ್ಲ ಕುರಿಗೂ ದಾಣಿ ಬೇಡ. ಸೊಂಟ ಚುಚ್ಚಿದವು, ಚೊಚ್ಚಲು, ಅವಳಿ ಹೊತ್ತಿರಬಹುದಾದವು, ಹಲ್ಲು ಸವೆದ ಹಳೆಯ ಒಳ್ಳೆಯ ತಾಯಂದಿರು, ಇಷ್ಟಕ್ಕೆ ಸಂಜೆ ಬೇರೆ ಕಟ್ಟಿ ದಾಣಿ ಹಾಕಿ. ಉಳಿದವಕ್ಕೆ ಹೊಟ್ಟು ಸಾಕು.

ಹೊಟ್ಟಿನ ವಿಷಯದಲ್ಲಿ ನಾವು ಬಡವರಲ್ಲ. ಹೆಸರಿನ ಹೊಟ್ಟು, ಶೇಂಗಾ ಬಳ್ಳಿ, ತೊಗರಿ ಹೊಟ್ಟು, ಕಡಲೆ ಹೊಟ್ಟು, ಈ ನಾಲ್ಕೂ ನಮ್ಮ ಕಣದಲ್ಲೇ ಬೀಳುತ್ತವೆ. ಜೋಳದ ಕಣಿಕೆಗಿಂತ ಇವುಗಳಲ್ಲಿ ಪ್ರೋಟೀನು ಹೆಚ್ಚು. ಒಳ್ಳೆಯ ಶೇಂಗಾ ಬಳ್ಳಿಯಲ್ಲಿ ಎರಡು ಪಟ್ಟಿಗೂ ಮೇಲೆ. ಕಡಲೆ ರಾಶಿ ಆಗುವುದು ಫೆಬ್ರುವರಿ, ಮಾರ್ಚಿನಲ್ಲಿ. ಬೇಕಾಗುವುದು ಅಕ್ಟೋಬರಿನಲ್ಲಿ. ನಡುವೆ ಮಳೆಗಾಲ ಬರುತ್ತದೆ. ತಾಡಪತ್ರಿ ಹೊದಿಸಿ ಕಟ್ಟೆಯ ಮೇಲೆ ಬಣವೆ ಒಟ್ಟಿದರೆ ಉಳಿಯುತ್ತದೆ. ಆದರೆ ಬಹಳಷ್ಟು ಕಡೆ ಅದು ಯಂತ್ರದ ಹಿಂದೆ ಗಾಳಿಗೆ ಹಾರುತ್ತದೆ, ಇಲ್ಲವೇ ಹೊಲದಲ್ಲೇ ಬೆಂಕಿಗೆ ಹೋಗುತ್ತದೆ. ಹೆಸರಿನ ಹೊಟ್ಟು ಅಷ್ಟೂ ಕಾಯಬೇಕಿಲ್ಲ, ಆಗಸ್ಟ್, ಸೆಪ್ಟೆಂಬರಿನಲ್ಲಿ ಬಂದದ್ದನ್ನು ಮಳೆಗೆ ಕೊಳೆಯದಂತೆ ಒಂದು ತಿಂಗಳು ಕಾಪಾಡಿದರೆ ಸರಿಯಾದ ಹೊತ್ತಿಗೆ ಒದಗುತ್ತದೆ. ಬೇಸಿಗೆಯಲ್ಲಿ ಉದುರುವ ಜಾಲಿಕಾಯಿಯನ್ನೂ ಚೀಲ ತುಂಬಿಡಬಹುದು.

ದಾಣಿಯನ್ನು ಮನೆಯಲ್ಲೇ ಕೂಡಿಸಿಕೊಳ್ಳಿ. ನೂರು ಕಿಲೋಕ್ಕೆ ಒಡೆದ ಮೆಕ್ಕೆಜೋಳ 40, ಶೇಂಗಾ ಹಿಂಡಿ 25, ಗೋಧಿ ಬೂಸಾ 32, ಖನಿಜ ಮಿಶ್ರಣ 2, ಉಪ್ಪು 1. ಮೊದಲ ದಿನ 50 ಗ್ರಾಂನಿಂದ ಶುರು ಮಾಡಿ ಎರಡು ವಾರದಲ್ಲಿ ಪೂರ್ತಿಗೆ ಏರಿಸಬೇಕು. ಕೊಯ್ದ ಮೆಕ್ಕೆಜೋಳದ ಹೊಲಕ್ಕೆ ನುಗ್ಗಿ ಕಾಳು ಮುಕ್ಕಿದ ಕುರಿಗಳು ಹೊಟ್ಟೆಯುಬ್ಬಿ ಸಾಲಾಗಿ ಬಿದ್ದದ್ದನ್ನು ನೀವೆಲ್ಲ ನೋಡಿದ್ದೀರಿ. ಕಾಳು ಒಮ್ಮೆಲೇ ಹೆಚ್ಚಾದರೆ ವಿಷ. ಜೋಳ ಕೊಯ್ದ ಮೇಲೆ ಕೂಳೆಯಿಂದ ಒಡೆಯುವ ಎಳೆ ಚಿಗುರೂ ಹಾಗೆಯೇ, ಅದರಲ್ಲಿ ಸೈನೈಡ್ ವಿಷ ಇರುತ್ತದೆ. ಹಾಲು ಕೊಡುವ ಕುರಿಗೆ ನೀರು ಮರೆಯಬೇಡಿ, ದಿನಕ್ಕೆ ಒಂದೇ ಸಲ ಹಳ್ಳಕ್ಕೆ ಇಳಿಸಿದರೆ ಸಾಲದು.

ಹೆಚ್ಚು ತಿನ್ನಿಸಿದರೆ ಮರಿ ದಪ್ಪವಾಗಿ ಈಯಲು ಕಷ್ಟವಾಗುತ್ತದೆ ಎಂದು ಅನೇಕರು ಕೇಳುತ್ತಾರೆ. ಕಟ್ಟಿ ಮೇಯಿಸಿ ಕೊಬ್ಬಿಸಿದ ಕುರಿಯಲ್ಲಿ ಅದು ನಿಜ. ದಿನವಿಡೀ ನಡೆಯುವ ನಮ್ಮ ಕುರಿಗೆ 250 ಗ್ರಾಂ ದಾಣಿಯಿಂದ ಆ ಭಯವಿಲ್ಲ. ನಾನು ಹೆಚ್ಚಾಗಿ ಕಂಡದ್ದು ತಿಣುಕಲು ಶಕ್ತಿಯಿಲ್ಲದೆ ಸೋತು ಬಿದ್ದ ತಾಯಂದಿರನ್ನು.

ಒಂದು ಎಚ್ಚರಿಕೆ ಹೊಸ ತಳಿಯ ಬಗ್ಗೆ. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ, ಸುಂದರಬನದ ಗಾರೋಲ್ ಕುರಿಯ ಅವಳಿ ಮರಿಗಳ ಗುಣವನ್ನು ನಮ್ಮ ದಖನಿಗೆ ತಂದು ನಾರಿ ಸುವರ್ಣ ತಳಿ ಮಾಡಿತು. ಅದು ದೊಡ್ಡ ಸಾಧನೆ. ನಮ್ಮ ರಾಜ್ಯದಲ್ಲೂ ಹರಡಿದೆ. ಆದರೆ ಎರಡು ಮರಿ ಕೊಡುವ ಗುಣ ತಂದವರು ಎರಡು ಮರಿಯ ಮೇವನ್ನೂ ತರಬೇಕು. ಅವಳಿ ಹೊತ್ತ ಹಸಿದ ಕುರಿ ಈಯುವ ಮುಂಚಿನ ವಾರಗಳಲ್ಲಿ ಹಿಂಡಿನಿಂದ ಹಿಂದೆ ಉಳಿಯುತ್ತದೆ, ಮೇವು ಬಿಡುತ್ತದೆ, ಹಲ್ಲು ಕಡಿಯುತ್ತದೆ, ಕಣ್ಣಿದ್ದೂ ಕಾಣದಂತೆ ಮುಳ್ಳುಬೇಲಿಗೆ ಹೋಗಿ ನಿಲ್ಲುತ್ತದೆ. ಮೈಯ ಕೊಬ್ಬು ಅತಿಯಾಗಿ ಕರಗಿ ರಕ್ತ ನಂಜಾಗುವ ರೋಗ ಅದು. ನೆಲ ಹಿಡಿದ ಮೇಲೆ ಗ್ಲೂಕೋಸ್ ಏರಿಸಿದರೂ ಉಳಿಯುವುದು ಕಡಿಮೆ. ಮೇವಿನ ತಯಾರಿ ಇಲ್ಲದ ಮನೆಗೆ ನಮ್ಮ ಒಂಟಿಮರಿಯ ದಖನಿ, ಯಳಗ ತಳಿಗಳೇ ಒಳಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದೆಲ್ಲಕ್ಕೂ ಯಾವ ಕುರಿ ಯಾವಾಗ ಗಬ್ಬ ಕಟ್ಟಿತು ಎಂದು ಗೊತ್ತಿರಬೇಕು. ಕೆಚ್ಚಲು ಇಳಿದಾಗ ನೋಡಿಕೊಂಡರಾಯಿತು ಎಂದರೆ ಆರು ವಾರದಲ್ಲಿ ಅರ್ಧ ಹೋಗಿರುತ್ತದೆ. ಟಗರಿನ ಎದೆಗೆ ಎಣ್ಣೆಯಲ್ಲಿ ಕಲೆಸಿದ ಕೆಮ್ಮಣ್ಣು ಹಚ್ಚಿ ಬಿಡಿ, ಹಾರಿದ ಕುರಿಯ ಬೆನ್ನಿನ ಹಿಂಭಾಗಕ್ಕೆ ಬಣ್ಣ ಅಂಟುತ್ತದೆ. ಯಾವ ಹುಣ್ಣಿಮೆ, ಯಾವ ಅಮಾಸಿ ಎಂದು ಮನೆಯವರು ನೆನಪಿಟ್ಟರೆ ಸಾಕು. ನಮ್ಮ ತಾಯಂದಿರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ಕೊನೆಯದಾಗಿ ಎರಡು ಕೋರಿಕೆ. ಇಲ್ಲಿರುವ ಗ್ರಾಮ ಪಂಚಾಯಿತಿ ಸದಸ್ಯರಲ್ಲಿ, ಸಹಕಾರಿ ಸಂಘದವರಲ್ಲಿ ಒಂದು: ಮಾರ್ಚಿನ ರಾಶಿಯ ಹೊತ್ತಿಗೆ ಕಡಲೆ ಹೊಟ್ಟು ಖರೀದಿಸಿ, ಮಳೆ ತಾಗದ ಒಂದು ಗೋದಾಮಿನಲ್ಲಿಟ್ಟು, ಮಾನವಮಿಗೆ ಮುಂಚೆ ಕೊಂಡ ಬೆಲೆಗೇ ಕುರಿಗಾರರಿಗೆ ಕೊಡಿ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ, ಗದಗಿನ ಪಶುವೈದ್ಯಕೀಯ ಕಾಲೇಜು, ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಇವರ ಸಲಹೆ ಕೇಳಿ ಪಡೆಯಿರಿ. ಕುರಿಗಾರ ಬಂಧುಗಳಲ್ಲಿ ಇನ್ನೊಂದು: ಈ ವರ್ಷ ಹಿಂಡಿನಲ್ಲಿ ಹತ್ತೇ ಹತ್ತು ಸೊರಗಿದ ಗಬ್ಬದ ಕುರಿಗಳನ್ನು ಆರಿಸಿ, ಮಾನವಮಿ ಅಮಾಸಿಯಿಂದ ಎಳ್ಳಮಾಸಿಯವರೆಗೆ ಸಂಜೆ ಬೇರೆ ಮೇವು ಹಾಕಿ. ಅವುಗಳ ಮರಿಗಳಿಗೆ ಕಿವಿಯಲ್ಲಿ ಗುರುತು ಮಾಡಿ. ಮೂರು ತಿಂಗಳಿಗೆ ತಕ್ಕಡಿಗೆ ಹಾಕಿ, ಉಳಿದ ಮರಿಗಳ ಪಕ್ಕ ನಿಲ್ಲಿಸಿ ನೋಡಿ, ಎಷ್ಟು ಉಳಿದವು ಎಣಿಸಿ. ನನ್ನ ಮಾತು ನಂಬಬೇಕಿಲ್ಲ, ನಿಮ್ಮ ತಕ್ಕಡಿಯನ್ನು ನಂಬಿ.